ವಿಜಯಪುರ: ಎಲ್ಲಿ ಕಾರು ಬೇಕು, ಎಲ್ಲಿ ಟಾಂಗಾ ಸಾಕು

ಪ್ರವಾಸದ ಬಸ್ಸಿನಲ್ಲಿ ಬಂದವರ ವಿಜಯಪುರ ಅರ್ಧ ದಿನದ್ದು. ಗೋಳಗುಮ್ಮಟ, ಇಬ್ರಾಹಿಂ ರೋಜಾ, ಒಂದು ಫಿರಂಗಿ, ಊಟ; ಸಂಜೆಯೊಳಗೆ ಬಸ್ಸು ಬಾದಾಮಿಯ ದಾರಿ ಹಿಡಿದಿರುತ್ತದೆ. ಈ ಊರಿಗೆ ಅಷ್ಟು ಸಾಲದು. ನಾವೇ ಕಾರು ಓಡಿಸಿಕೊಂಡು, ಗೈಡನ್ನು ಅಗತ್ಯವಿರುವ ಕಡೆ ಮಾತ್ರ ಕರೆದುಕೊಂಡು, ನಮಗೆ ಬೇಕಾದ ಹೊತ್ತಿಗೆ ಬೇಕಾದ ಕಡೆ ನಿಲ್ಲುವ ಪ್ರವಾಸ ಇಲ್ಲಿ ಎಷ್ಟು ನಡೆಯುತ್ತದೆ ಎಂದು ಹಲವರು ಕೇಳಿದ್ದರಿಂದ ಇದನ್ನು ಬರೆಯುತ್ತಿದ್ದೇನೆ. ನನ್ನ ಉತ್ತರ ಖಚಿತವಾಗಿದೆ. ಊರಿನ ಅಂಚಿನ ತಾಣಗಳಿಗೆ ಕಾರು ಬೇಕೇ ಬೇಕು. ಒಳಕೋಟೆಯ ಸುತ್ತಲಿನ ನಡುಊರಿಗೆ ಕಾರು ಬೇಡವೇ ಬೇಡ. ಇದೊಂದನ್ನು ಮೊದಲೇ ತೀರ್ಮಾನಿಸಿಕೊಂಡರೆ ಕರ್ನಾಟಕದಲ್ಲಿ ಸ್ವಂತವಾಗಿ ಸುತ್ತಿ ನೋಡಲು ಇದಕ್ಕಿಂತ ಒಳ್ಳೆಯ ಊರು ನನಗೆ ಗೊತ್ತಿಲ್ಲ.

ನನ್ನ ಜೊತೆಗೆ ಬಂದವರು ಅಪ್ಪ. ನೀರಾವರಿ ಇಲಾಖೆಯಲ್ಲಿ ನಕ್ಷೆಗಾರರಾಗಿ ದುಡಿದು ನಿವೃತ್ತರಾದವರು. ಈಗ ವಯಸ್ಸು ಎಂಬತ್ತರ ಆಚೆ, ಮಂಡಿ ಸರಿಯಾಗಿ ಮಡಚುವುದಿಲ್ಲ. ಆದರೆ ಕಣ್ಣು, ಕಿವಿ, ಕುತೂಹಲ ಮೂರೂ ಚುರುಕಾಗಿವೆ. ಬಸ್ಸಿನವರ ಗಡಿಬಿಡಿಗೆ ಅವರು ಒಗ್ಗುವುದಿಲ್ಲ. ನಮ್ಮ ಮನೆಯ ಕಾರಿನ ಸೀಟು ತೀರ ತಗ್ಗಿನಲ್ಲಿರುವುದರಿಂದ ಹುಬ್ಬಳ್ಳಿಯಲ್ಲಿ ಚಾಲಕರಿಲ್ಲದೆ ಕಾರು ಬಾಡಿಗೆಗೆ ಕೊಡುವವರ ಬಳಿ ಸ್ವಲ್ಪ ಎತ್ತರದ, ಆದರೆ ಉದ್ದ ಕಡಿಮೆಯಿರುವ ಕಾರು ತೆಗೆದುಕೊಂಡೆ. ಈ ಆಯ್ಕೆ ಬಹಳ ಉಪಯೋಗಕ್ಕೆ ಬಂದಿತು. ವಿಜಯಪುರದ ಓಣಿಗಳಲ್ಲಿ ದೊಡ್ಡ ಗಾಡಿ ತಿರುಗಿಸುವುದು ಶಿಕ್ಷೆ. ಬಾಡಿಗೆಯ ಕಾರು ಪಡೆಯುವವರಿಗೆ ಒಂದು ಮಾತು: ಕೀಲಿ ಕೈಗೆ ಬರುವ ಮೊದಲು ಗೀರು, ತಗ್ಗುಗಳ ವಿಡಿಯೊ ಮಾಡಿಕೊಳ್ಳುವಂತೆ ಸ್ಟೆಪ್ನಿಯನ್ನೂ ಒತ್ತಿ ನೋಡಿ. ನಮಗೆ ಕೊಟ್ಟ ಕಾರಿನ ಸ್ಟೆಪ್ನಿಯಲ್ಲಿ ಗಾಳಿಯೇ ಇರಲಿಲ್ಲ. ನರಗುಂದದಲ್ಲಿ ನಿಲ್ಲಿಸಿ ತುಂಬಿಸಿಕೊಳ್ಳಬೇಕಾಯಿತು. ಉಳಿದಂತೆ ಗಾಡಿ ಚೆನ್ನಾಗಿತ್ತು.

ಹುಬ್ಬಳ್ಳಿಯಿಂದ ರಾಷ್ಟ್ರೀಯ ಹೆದ್ದಾರಿ 52ರಲ್ಲಿ ದಾರಿ ಹೆಚ್ಚುಕಡಿಮೆ ಇನ್ನೂರು ಕಿಲೋಮೀಟರ್. ಕೊಲ್ಹಾರದ ಬಳಿ ಕೃಷ್ಣೆಯ ಹಿನ್ನೀರಿನ ಮೇಲಿನ ಉದ್ದನೆಯ ಸೇತುವೆ ದಾಟಿದ ಮೇಲೆ ಅವಸರ ಮಾಡಬೇಡಿ. ಕೊಲ್ಹಾರದ ಗಡಿಗೆಯ ಮೊಸರು ಹೆಸರಾದದ್ದು ಸುಮ್ಮನೆ ಅಲ್ಲ. ಚಮಚ ನಿಲ್ಲುವಷ್ಟು ಗಟ್ಟಿ, ಹುಳಿ ಹಿತವಾಗಿ. ಕಟಕು ರೊಟ್ಟಿ, ಶೇಂಗಾ ಚಟ್ನಿಪುಡಿಯ ಜೊತೆ ಅದನ್ನು ತಿಂದು ಮುಂದೆ ಹೊರಟೆವು. ಆಲಮಟ್ಟಿಯ ಹಿನ್ನೀರು ಎಲ್ಲಿಯವರೆಗೆ ಬರುತ್ತದೆ ಎಂದು ಕಾಗದದ ಮೇಲೆ ಎಳೆದ ಗೆರೆಗಳನ್ನು ಅಪ್ಪ ಇನ್ನೂ ನೆನಪಿಟ್ಟುಕೊಂಡಿದ್ದಾರೆ. ಸೇತುವೆ ಮುಗಿಯುವವರೆಗೂ ಕಿಟಕಿಯ ಗಾಜು ಏರಿಸಲು ಬಿಡಲಿಲ್ಲ.

ಎಲ್ಲರೂ ಗೋಳಗುಮ್ಮಟದಿಂದ ಶುರುಮಾಡುತ್ತಾರೆ. ಮಧ್ಯಾಹ್ನ ಊರು ತಲುಪುವವರು ಹಾಗೆ ಮಾಡಬಾರದು. ನಾನು ಪಶ್ಚಿಮಕ್ಕೆ, ಊರಿನ ಹೊರಗಿನ ತೊರವೆಗೆ ಮೊದಲು ಹೋದೆ. ಇದು ಕಾರಿದ್ದವರಿಗೆ ಮಾತ್ರ ಸಲೀಸಾಗಿ ದಕ್ಕುವ ವಿಜಯಪುರ. ಅಕ್ಕಮಹಾದೇವಿ ಮಹಿಳಾ ವಿಶ್ವವಿದ್ಯಾಲಯ ಇರುವ ಕಡೆ ಎಂದರೆ ಯಾರಾದರೂ ದಾರಿ ತೋರಿಸುತ್ತಾರೆ. ಎರಡನೇ ಇಬ್ರಾಹಿಂ ಆದಿಲ್ ಶಾ 1599ರಲ್ಲಿ ಇಲ್ಲಿ ನವರಸಪುರ ಎಂಬ ಹೊಸ ನಗರ ಕಟ್ಟಲು ತೊಡಗಿದ. ಸಂಗೀತಕ್ಕೆ ಮನಸೋತ, ಸರಸ್ವತಿಯನ್ನು ಹಾಡಿ ಹೊಗಳಿದ ವಿಜಯಪುರದ ಸುಲ್ತಾನ ಅವನು. 1624ರಲ್ಲಿ ಅಹಮದ್‌ನಗರದ ಸೇನಾಪತಿ ಮಲಿಕ್ ಅಂಬರನ ಸೇನೆ ಆ ನಗರವನ್ನು ಹಾಳುಗೆಡವಿತು. ಉಳಿದಿರುವ ಸಂಗೀತ ಮಹಲಿನ ಎತ್ತರದ ಕಮಾನಿನ ಎದುರು ನಾವು ನಿಂತಾಗ ಅಲ್ಲಿ ಬೇರೆ ಪ್ರವಾಸಿಗಳು ಯಾರೂ ಇರಲಿಲ್ಲ. ಕಾರನ್ನು ಹತ್ತಿರದವರೆಗೂ ಒಯ್ಯಬಹುದು. ಅಪ್ಪ ಬಾಗಿಲು ತೆರೆದು ಸೀಟಿನಲ್ಲಿ ಕುಳಿತೇ ಅರ್ಧ ನೋಡಿದರು.

ತೊರವೆಯ ನಿಜವಾದ ಆಕರ್ಷಣೆ ನೆಲದ ಕೆಳಗಿದೆ. ವಿಜಯಪುರದ ಹತ್ತಿರ ದೊಡ್ಡ ನದಿಯಿಲ್ಲ, ನೆಲ ಕರಿಕಲ್ಲಿನದು. ಅಂಥ ಊರನ್ನು ರಾಜಧಾನಿ ಮಾಡಿಕೊಂಡವರು ಈ ಭಾಗದಿಂದ ಸುರಂಗ ತೋಡಿ, ಇಳಿಜಾರನ್ನೇ ನಂಬಿ, ಕೋಟೆಯೊಳಗೆ ನೀರು ಹರಿಸಿದರು. ದಾರಿಯುದ್ದಕ್ಕೂ ಗಾಳಿಗೆ, ರಿಪೇರಿಗೆ ಬಾವಿಯಂಥ ಕಿಂಡಿಗಳು. ಇಲ್ಲಿಯ ಸುರಂಗ ಬಾವಡಿಯ (ಬಾವಡಿ ಎಂದರೆ ದೊಡ್ಡ ಬಾವಿ) ಅಂಚಿನಲ್ಲಿ ಅಪ್ಪ ಕೋಲೂರಿಕೊಂಡು ನಿಂತು ಇಳಿಜಾರು ಎಷ್ಟಿರಬಹುದು ಎಂದು ಲೆಕ್ಕ ಹಾಕುತ್ತಿದ್ದರು. "ಪಂಪಿಲ್ಲದೆ ಇಷ್ಟು ದೂರ ನೀರು ತರಬೇಕಾದರೆ ಮಟ್ಟ ಹಿಡಿಯುವವನ ಕೈ ಒಂದು ಅಂಗುಲವೂ ತಪ್ಪಬಾರದು" ಎಂದರು. ಗುಮ್ಮಟಗಳ ಊರನ್ನು ಗುಮ್ಮಟಗಳಿಂದ ನೋಡಲು ಶುರುಮಾಡಿದರೆ ಈ ನೀರಿನ ಕಥೆ ಕೈತಪ್ಪುತ್ತದೆ. ನೀರಿನಿಂದ ಶುರುಮಾಡಿದರೆ ಆಮೇಲೆ ಸಿಗುವ ಪ್ರತಿಯೊಂದು ಕೊಳ, ಕಾರಂಜಿ, ಹೊಂಡವೂ ಒಂದಕ್ಕೊಂದು ಸೇರಿಕೊಳ್ಳುತ್ತ ಹೋಗುತ್ತದೆ. ಬಾವಡಿಯ ಸುತ್ತ ಕಟಾಂಜನ ಇದೆ ಎಂದು ನಂಬಿಕೊಂಡು ಮಕ್ಕಳನ್ನು ಬಿಡಬೇಡಿ.

‘ತೊರವೆ ರಾಮಾಯಣ’ ಬರೆದ ಕುಮಾರ ವಾಲ್ಮೀಕಿಯ ಊರೂ ಇದೇ. ಅವನ ಆರಾಧ್ಯದೈವ ನರಸಿಂಹನ ಗುಡಿ ಇಲ್ಲಿದೆ. ಆ ಕವಿಯ ಭಾಮಿನಿ ಷಟ್ಪದಿಗಳನ್ನು ಅಪ್ಪ ಬಾಯಿಪಾಠ ಒಪ್ಪಿಸುತ್ತಾರೆ. ಗುಡಿಯ ಕಟ್ಟೆಯ ಮೇಲೆ ಕುಳಿತು ಅವರು ಹೇಳಿದ ಸಂಧಿಯನ್ನು ಕೇಳಲು ಪಕ್ಕದ ಇಬ್ಬರು ಹಿರಿಯರು ಹತ್ತಿರ ಬಂದು ಕುಳಿತರು. ಗಡಿಯಾರ ನೋಡುವ ಬಸ್ಸಿನ ಪ್ರವಾಸದಲ್ಲಿ ಇಂಥದ್ದಕ್ಕೆ ಜಾಗವಿಲ್ಲ.

ಇದೇ ಭಾಗದಲ್ಲಿ ಸಾಠ್ ಕಬರ್, ಎಂದರೆ ಅರವತ್ತು ಗೋರಿ, ಇದೆ. 1659ರಲ್ಲಿ ಶಿವಾಜಿಯ ಮೇಲೆ ದಂಡೆತ್ತಿ ಹೋಗುವ ಮುನ್ನ ವಿಜಯಪುರದ ಸೇನಾಪತಿ ಅಫ್ಜಲ್ ಖಾನ್ ತನ್ನ ಹೆಂಡತಿಯರನ್ನು ಕೊಂದ, ಅವರ ಗೋರಿಗಳೇ ಇವು ಎಂಬುದು ಜನರ ಬಾಯಲ್ಲಿರುವ ಕಥೆ. ಮೊಬೈಲ್ ನಕ್ಷೆ ಇಲ್ಲಿಗೆ ದಾರಿ ತೋರಿಸುತ್ತದೆ, ಆದರೆ ಕೊನೆಯ ಭಾಗ ಹೊಲದ ಬದುವಿನ ಪಕ್ಕದ ಮಣ್ಣಿನ ದಾರಿ. ಮಳೆಗಾಲದಲ್ಲಿ ಕಪ್ಪುಮಣ್ಣಿಗೆ ಚಕ್ರ ಇಳಿಸುವ ಸಾಹಸ ಬೇಡ. ಒಂದೇ ಅಳತೆಯ ಗೋರಿಗಳು ಸಾಲಾಗಿ ಮಲಗಿರುವುದನ್ನು ನೋಡಿ ನನಗೆ ಹೊಟ್ಟೆಯೊಳಗೆ ಸಂಕಟವಾಯಿತು. ಕಥೆ ನಿಜವೋ ಅಲ್ಲವೋ, ಆ ಹೆಣ್ಣುಮಕ್ಕಳ ಹೆಸರು ಹೇಳುವ ಒಂದು ಅಕ್ಷರವೂ ಅಲ್ಲಿ ಕಾಣಲಿಲ್ಲ.

ಹೊತ್ತು ಇಳಿಯುವ ಮೊದಲು ಊರಿನ ಕಡೆ ತಿರುಗಿದರೆ ಕೋಟೆಗೋಡೆಯ ಪಶ್ಚಿಮಕ್ಕೆ ಇಬ್ರಾಹಿಂ ರೋಜಾ. ಸಂಜೆಯ ಬಿಸಿಲು ಕಂದುಬಣ್ಣದ ಕಲ್ಲಿನ ಮೇಲೆ ಓರೆಯಾಗಿ ಬೀಳುವಾಗ ಇದನ್ನು ನೋಡಬೇಕು. ಹೊರಗೆ ಗಾಡಿ ನಿಲ್ಲಿಸಲು ಜಾಗವಿದೆ, ಒಳಗೆ ಹುಲ್ಲುಹಾಸಿನ ನಡುವೆ ಸಮತಟ್ಟಾದ ದಾರಿ. ಕಟ್ಟೆ ಏರಲು ಮಾತ್ರ ಮೆಟ್ಟಿಲು. ಭಾರತೀಯರಿಗೆ ಟಿಕೆಟ್ 25 ರೂಪಾಯಿ, ಹದಿನೈದರೊಳಗಿನ ಮಕ್ಕಳಿಗೆ ಇಲ್ಲ. ಮೊಬೈಲಿನಲ್ಲೇ ಟಿಕೆಟ್ ಪಡೆದರೆ ಸ್ವಲ್ಪ ಕಡಿಮೆ, ಸಾಲಿನಲ್ಲಿ ನಿಲ್ಲುವುದೂ ತಪ್ಪುತ್ತದೆ.

ಒಂದೇ ಕಟ್ಟೆಯ ಮೇಲೆ ಗೋರಿ, ಮಸೀದಿ ಎದುರುಬದುರು, ನಡುವೆ ಕೊಳ. ರಾಣಿ ತಾಜ್ ಸುಲ್ತಾನಾಳಿಗೆಂದು ಕಟ್ಟಲು ತೊಡಗಿದ್ದು ಇದು. 1627ರಲ್ಲಿ ತೀರಿಕೊಂಡ ಇಬ್ರಾಹಿಂನೂ ಇಲ್ಲೇ ಮಲಗಿದ್ದಾನೆ. ಕಟ್ಟಿಸಿದ ಹೊಣೆ ಮಲಿಕ್ ಸಂದಲನದು. ಗೋರಿಯ ಗೋಡೆಯ ಕಿಟಕಿಗಳನ್ನು ಹತ್ತಿರದಿಂದ ನೋಡಿ: ಅಕ್ಷರಗಳನ್ನೇ ಕೊರೆದು ಜಾಲಂಧ್ರ ಮಾಡಿದ್ದಾರೆ. ಒಳಗೆ ನಿಂತರೆ ಬೆಳಕು ಆ ಬರಹದ ಮೂಲಕವೇ ಬರುತ್ತದೆ. ತಲೆಯೆತ್ತಿದರೆ ಯಾವ ತೊಲೆಯ ಆಸರೆಯೂ ಕಾಣದ ಚಪ್ಪಟೆ ಕಲ್ಲಿನ ಛಾವಣಿ. ಮಸೀದಿಯ ಸೂರಿನಿಂದ ಇಳಿಬಿದ್ದ ಕಲ್ಲಿನ ಸರಪಳಿಗಳು ಒಂದೇ ಕಲ್ಲಿನಲ್ಲಿ ಕೊರೆದವು. ಇದೇ ತಾಜಮಹಲಿಗೆ ಸ್ಫೂರ್ತಿ ಎಂದು ಪ್ರತಿಯೊಬ್ಬ ಗೈಡ್ ಹೇಳುತ್ತಾರೆ. ನನ್ನ ಮಟ್ಟಿಗೆ ಈ ಕಟ್ಟಡಕ್ಕೆ ಆಗ್ರಾದ ಹಂಗು ಬೇಕಾಗಿಲ್ಲ. ಇಡೀ ವಿಜಯಪುರದಲ್ಲಿ ಒಂದನ್ನು ಮಾತ್ರ ನೋಡಲು ಬಿಡುತ್ತೇನೆ ಎಂದು ಯಾರಾದರೂ ಹೇಳಿದರೆ ನಾನು ಗೋಳಗುಮ್ಮಟವನ್ನು ಬಿಟ್ಟು ಇಲ್ಲಿಗೆ ಬರುತ್ತೇನೆ.

ಇಲ್ಲಿಂದ ತಾಜ್ ಬಾವಡಿ ಹತ್ತಿರ. ಅದೇ ರಾಣಿಯ ಹೆಸರು, ಅದೇ ಮಲಿಕ್ ಸಂದಲನ ಕೆಲಸ, ಕಾಲ 1620. ಎರಡು ಬದಿಗೆ ಗೋಪುರಗಳಿರುವ ದೊಡ್ಡ ಕಮಾನು, ಅದರಡಿಯಿಂದ ನೀರಿಗೆ ಇಳಿಯುವ ಮೆಟ್ಟಿಲು. ಕಸ ತುಂಬಿ ಕೊಳೆತಿದ್ದ ಕಾಲದಲ್ಲಿ ಇದನ್ನು ನೋಡಿದ್ದ ನನಗೆ, ಕೆಲವು ವರ್ಷಗಳ ಹಿಂದೆ ಹೂಳೆತ್ತಿದ ಮೇಲೆ ತಿಳಿನೀರು ಕಂಡಾಗ ಆದ ಸಂತೋಷ ದೊಡ್ಡದು. ಇಷ್ಟು ದೊಡ್ಡ ಕೊಳವನ್ನು ಪ್ರವಾಸದ ಪಟ್ಟಿಯಲ್ಲಿ ಬಿಟ್ಟುಬಿಡುವುದು ಅನ್ಯಾಯ. ಮುಂದಿನ ರಸ್ತೆ ಇಕ್ಕಟ್ಟು. ಕಾರನ್ನು ಸ್ವಲ್ಪ ಹಿಂದೆಯೇ ನಿಲ್ಲಿಸಿ ನಡೆಯುವುದು ಒಳ್ಳೆಯದು.

ಬೆಳಿಗ್ಗೆ ಆರಕ್ಕೆ ಗೋಳಗುಮ್ಮಟದ ಬಾಗಿಲಲ್ಲಿರಿ. ಇದರಲ್ಲಿ ರಾಜಿ ಮಾಡಿಕೊಳ್ಳಬೇಡಿ. ಗುಮ್ಮಟದ ಒಳಸುತ್ತಿನಲ್ಲಿರುವ ಪಿಸುಗುಟ್ಟುವ ಮೊಗಸಾಲೆಯನ್ನು ಕೇಳಲು ಬರುವವರೆಲ್ಲ ಅಲ್ಲಿ ಕೂಗುತ್ತಾರೆ, ಸಿಳ್ಳೆ ಹಾಕುತ್ತಾರೆ. ಒಂಬತ್ತರ ಮೇಲೆ ಶಾಲಾ ಮಕ್ಕಳ ಬಸ್ಸುಗಳು ಬಂದರೆ ಗುಮ್ಮಟದೊಳಗೆ ಕೇಳುವುದು ಬರೀ ಗದ್ದಲ. ಕಾರು ನಮ್ಮ ಕೈಯಲ್ಲಿರುವುದರ ದೊಡ್ಡ ಲಾಭ ಇಲ್ಲೇ ಕಾಣುವುದು. ನಾವು ಹೋದಾಗ ವಾಯುವಿಹಾರಕ್ಕೆ ಬಂದ ಊರವರು ತೋಟದಲ್ಲಿದ್ದರು, ಒಳಗೆ ಪಾರಿವಾಳಗಳಿದ್ದವು.

ಗೈಡನ್ನು ನಾನು ತೆಗೆದುಕೊಂಡದ್ದು ಇಲ್ಲಿ ಮಾತ್ರ. ಎದೆಯ ಮೇಲೆ ಗುರುತಿನ ಚೀಟಿ ಇರುವವರನ್ನೇ ಕರೆಯಿರಿ, ಹಣದ ಮಾತು ಮೊದಲೇ ಮುಗಿಸಿ. ನಮಗೆ ಸಿಕ್ಕವರು ನಿಧಾನಿ. ಅಪ್ಪನನ್ನು "ಅಜ್ಜಾರೆ" ಎಂದು ಕರೆದು, ಒಳಗೆ ನಡುವಿನ ಕಟ್ಟೆಯ ಅಂಚಿನಲ್ಲಿ ಕೂರಿಸಿ, ಆಮೇಲೆ ನನ್ನನ್ನು ಮೇಲೆ ಕರೆದೊಯ್ದರು. ಮೂಲೆಯ ಗೋಪುರ ಏಳು ಅಂತಸ್ತು. ಮೆಟ್ಟಿಲು ಎತ್ತರ, ಸಂದು ಕಿರಿದು, ಎದುರಿಗೆ ಇಳಿಯುವವರು ಬಂದರೆ ಗೋಡೆಗೆ ಅಂಟಿ ನಿಲ್ಲಬೇಕು. ಮಂಡಿನೋವಿರುವವರು, ಉಬ್ಬಸವಿರುವವರು ಹತ್ತುವ ಹಟ ಮಾಡಬಾರದು. ಮೊಗಸಾಲೆಯ ಆಚೆಯ ಬದಿಗೆ ಹೋದ ಗೈಡ್ ಅಲ್ಲಿ ಒಂದು ಕಾಗದ ಹರಿದರು. ಗುಮ್ಮಟದ ಒಳ ಅಡ್ಡಳತೆ 38 ಮೀಟರಿನಷ್ಟು. ಆ ಅಂತರ ದಾಟಿ ಬಂದ ಚರ್‍ರ್ ಎನ್ನುವ ಸದ್ದು ನನ್ನ ಕಿವಿಯ ಪಕ್ಕದಲ್ಲೇ ಆದಂತಿತ್ತು. ನಾನು ತಿರುಗಿ ನೋಡಿದೆ, ಹಿಂದೆ ಗೋಡೆ ಮಾತ್ರ ಇತ್ತು.

ಮೇಲೆ ಹತ್ತಲಾಗದವರು ಕಳೆದುಕೊಳ್ಳುವುದು ಏನೂ ಇಲ್ಲ ಎನ್ನುವುದನ್ನು ಅಪ್ಪನಿಂದ ತಿಳಿದೆ. ಕೆಳಗೆ ಕುಳಿತು ಅವರು ಟಿಕೆಟ್ಟಿನ ಹಿಂಬದಿಯಲ್ಲಿ ಒಂದು ಚಿತ್ರ ಬರೆದಿದ್ದರು. ಚೌಕ ಕೋಣೆಯ ಮೇಲೆ ದುಂಡು ಗುಮ್ಮಟ ಕೂರಿಸುವುದು ಹೇಗೆ? ಒಂದು ಚೌಕದ ಮೇಲೆ ಇನ್ನೊಂದನ್ನು ಓರೆಯಾಗಿ ತಿರುಗಿಸಿಟ್ಟರೆ ಎಂಟು ಮೂಲೆಯ ನಕ್ಷತ್ರ ಸಿಗುತ್ತದೆ. ಆ ಗೆರೆಗಳ ಮೇಲೆ ಎಂಟು ಕಮಾನುಗಳು ಎದ್ದು ಒಂದನ್ನೊಂದು ಕತ್ತರಿಸುತ್ತ ಒಳಕ್ಕೆ ವಾಲುತ್ತವೆ. ಅವು ಸೇರಿ ನಡುವೆ ಒಂದು ಬಳೆ ಮೂಡುತ್ತದೆ. ಗುಮ್ಮಟ ಕೂರುವುದು ಅದರ ಮೇಲೆ. ಗುಮ್ಮಟದ ಭಾರ ಗೋಡೆಯನ್ನು ಹೊರಕ್ಕೆ ತಳ್ಳಲು ನೋಡಿದರೆ, ಒಳಕ್ಕೆ ವಾಲಿದ ಕಮಾನುಗಳ ತೂಕ ಅದನ್ನು ಎದುರಿನಿಂದ ಹಿಡಿಯುತ್ತದೆ. ನಡುವೆ ಒಂದು ಕಂಬವೂ ಇಲ್ಲದೆ 1700 ಚದರ ಮೀಟರಿನಷ್ಟು ನೆಲ ತೆರೆದು ಬಿದ್ದಿರುವುದು ಹೀಗೆ. 1656ರಲ್ಲಿ ತೀರಿಕೊಂಡ ಮೊಹಮ್ಮದ್ ಆದಿಲ್ ಶಾ ಮತ್ತು ಅವನ ಮನೆಯವರ ನಿಜವಾದ ಸಮಾಧಿಗಳು ಕಟ್ಟೆಯ ಕೆಳಗಿನ ನೆಲಮಾಳಿಗೆಯಲ್ಲಿವೆ; ಮೇಲೆ ಕಾಣುವುದು ಗುರುತು ಮಾತ್ರ. ಈ ಕಮಾನುಗಳ ವಿಚಾರ ಅಲ್ಲಿನ ಫಲಕದಲ್ಲಿಲ್ಲ. ಅಳತೆಗಳಿವೆ, ಕಾಲವಿದೆ, ಮುಟ್ಟಬೇಡಿ ಎಂಬ ಎಚ್ಚರಿಕೆಯಿದೆ. ಸ್ವಂತವಾಗಿ ನೋಡಲು ಬರುವವರಿಗೆ ಬೇಕಾದದ್ದು ಈ ಒಂದು ಚಿತ್ರ. ನಗಾರಖಾನೆಯಲ್ಲಿರುವ ವಸ್ತುಸಂಗ್ರಹಾಲಯಕ್ಕೆ ಶುಕ್ರವಾರ ರಜೆ, ನೆನಪಿರಲಿ.

ಹತ್ತು ಗಂಟೆಯ ಮೇಲೆ ಕಾರನ್ನು ಉಳಿದುಕೊಂಡ ಲಾಡ್ಜಿನಲ್ಲಿ ನಿಲ್ಲಿಸಿ ಟಾಂಗಾ ಹತ್ತಿದೆವು. ನಡುಊರಿನಲ್ಲಿ ಪಾರ್ಕಿಂಗ್ ಹುಡುಕುವುದೇ ಒಂದು ಕೆಲಸ. ರಸ್ತೆ ತುಂಬ ತಳ್ಳುಗಾಡಿ, ಆಟೊ, ಬೈಕು. ಒಂದು ತಾಣದಿಂದ ಇನ್ನೊಂದಕ್ಕೆ ಅಂತರವೂ ಕಡಿಮೆ. ಮೊಬೈಲ್ ನಕ್ಷೆ ಹತ್ತಿರದ ದಾರಿ ಎಂದು ತೋರಿಸುವುದು ಎಷ್ಟೋ ಸಲ ಮನೆಗಳ ಜಗಲಿಗಳ ನಡುವಿನ ಓಣಿಯಾಗಿರುತ್ತದೆ. ಟಾಂಗಾದ ಚಾಚಾ ಅಪ್ಪನಿಗಾಗಿ ಒಂದು ಸ್ಟೂಲು ಇಟ್ಟು ಹತ್ತಿಸಿಕೊಂಡರು. "ಅಕ್ಕಾ, ನೀವು ಅವಸರ ಮಾಡದಿದ್ದರೆ ನಾನೂ ಮಾಡುವುದಿಲ್ಲ" ಎಂದರು, ಹಾಗೆಯೇ ನಡೆದುಕೊಂಡರು. ಕುದುರೆ ಚೆನ್ನಾಗಿ ಮೇಯ್ದು ಮೈತುಂಬಿಕೊಂಡಿದೆಯೇ ಎಂದು ನೋಡಿ ಹತ್ತಿ. ಬಡಕಲು ಕುದುರೆಯ ಗಾಡಿಗೆ ಹಣ ಕೊಡುವುದನ್ನು ನಾನು ಒಪ್ಪುವುದಿಲ್ಲ.

ಜುಮ್ಮಾ ಮಸೀದಿ 1565ರ ತಾಳಿಕೋಟೆ ಯುದ್ಧದ ನಂತರ ಒಂದನೇ ಅಲಿ ಆದಿಲ್ ಶಾ ಕಟ್ಟಲು ತೊಡಗಿದ್ದು. ನೆಲದ ಮೇಲೆ 2250 ಜನರ ನಮಾಜಿಗೆ ಗೆರೆ ಎಳೆದು ಜಾಗ ಗುರುತಿಸಿದ್ದಾರೆ. ನಮಾಜಿನ ಹೊತ್ತು ಬಿಟ್ಟು ಹೋಗಿ, ತಲೆಗೆ ಬಟ್ಟೆ ಇರಲಿ. ಅಲ್ಲಿಂದ ಒಳಕೋಟೆಯ ಕಡೆ ಬರುವಾಗ ಮೆಹತರ್ ಮಹಲ್ ಸಿಗುತ್ತದೆ. ಮಹಲೆಂದು ಹೆಸರಿದ್ದರೂ ಅದು ಒಂದು ಹೆಬ್ಬಾಗಿಲು. ಸಜ್ಜೆಯನ್ನು ಹೊತ್ತ ಕಲ್ಲಿನ ಕೆತ್ತನೆಯಲ್ಲಿ ಮರಗೆಲಸದ ನಯವಿದೆ. ಟಾಂಗಾ ಇಲ್ಲದಿದ್ದರೆ, ಕಾರಿನಲ್ಲಾಗಿದ್ದರೆ, ಹಿಂದಿನವರ ಹಾರ್ನಿಗೆ ಹೆದರಿ ಇದನ್ನು ದಾಟಿ ಹೋಗಿಬಿಡುತ್ತಿದ್ದೆ.

ಪ್ರವಾದಿಯ ಸ್ಮರಣವಸ್ತುಗಳನ್ನು ಇಟ್ಟ ಕಟ್ಟಡವಾದ ಆಸರ್ ಮಹಲಿನ ಒಳಗೆ ಮಹಿಳೆಯರಿಗೆ ಪ್ರವೇಶವಿಲ್ಲ. ನಾನು ಹೊರಗೆ ಕೊಳದ ಬದಿಯಲ್ಲಿ ನಿಂತು ತೇಗದ ದೊಡ್ಡ ಕಂಬಗಳನ್ನು ನೋಡಿದೆ. ಆ ಕೊಳಕ್ಕೂ ದೂರದಿಂದ ಕೊಳವೆಯಲ್ಲಿ ನೀರು ಬರುತ್ತಿತ್ತು. ಗಗನ ಮಹಲಿನ ನಡುಗಮಾನಿನ ಅಗಲ ಸುಮಾರು 60 ಅಡಿ. 1561ರಲ್ಲಿ ಕಟ್ಟಿದ ಈ ದರ್ಬಾರಿನಲ್ಲೇ 1686ರಲ್ಲಿ ಕೊನೆಯ ಸುಲ್ತಾನ ಸಿಕಂದರ್ ಆದಿಲ್ ಶಾನನ್ನು ಬೆಳ್ಳಿಯ ಸರಪಳಿಯಲ್ಲಿ ಔರಂಗಜೇಬನ ಮುಂದೆ ನಿಲ್ಲಿಸಿದರಂತೆ. ಇಂದು ಅಲ್ಲಿ ಹುಡುಗರು ಪುಸ್ತಕ ಹಿಡಿದು ಪರೀಕ್ಷೆಗೆ ಓದುತ್ತ ಕುಳಿತಿದ್ದರು. ಬಾರಾ ಕಮಾನ್ ಎರಡನೇ ಅಲಿ ಆದಿಲ್ ಶಾನ ಗೋರಿ; 1672ರಲ್ಲಿ ಅವನು ತೀರಿಕೊಂಡಾಗ ಕೆಲಸ ಅಲ್ಲಿಗೇ ನಿಂತಿತು. ಛಾವಣಿಯಿಲ್ಲದ ಕರಿಕಲ್ಲಿನ ಕಮಾನುಗಳ ಸಾಲು ಆಕಾಶಕ್ಕೆ ತೆರೆದಿದೆ. ಮಟ್ಟಸವಾದ ಹುಲ್ಲು, ನೆರಳು, ಕುಳಿತುಕೊಳ್ಳಲು ಜಾಗ: ವಯಸ್ಸಾದವರನ್ನು ಕರೆದುಕೊಂಡು ಹೋದವರು ದಣಿವಾರಿಸಿಕೊಳ್ಳಲು ಇದನ್ನು ಕೊನೆಗೆ ಇಟ್ಟುಕೊಳ್ಳಿ.

ಊಟಕ್ಕೆ ಖಾನಾವಳಿಗೇ ಹೋಗಿ. ಬಿಸಿ ಜೋಳದ ರೊಟ್ಟಿ, ಎಣ್ಣೆಗಾಯಿ, ಮಡಕಿಕಾಳಿನ ಪಲ್ಯ, ಗುರೆಳ್ಳು ಚಟ್ನಿ, ಹಸಿ ಉಳ್ಳಾಗಡ್ಡಿ, ಮೊಸರು. ರೊಟ್ಟಿ ಬಡಿಯುವ ಸದ್ದು ಕೇಳುವ ಕಡೆ ಕುಳಿತರೆ ಬಿಸಿಯದೇ ಸಿಗುತ್ತದೆ. ಕೊನೆಗೆ ಶೇಂಗಾ ಹೋಳಿಗೆ ಇದ್ದರೆ ಬಿಡಬೇಡಿ.

ಬಿಸಿಲು ತಗ್ಗಿದ ಮೇಲೆ ಮತ್ತೆ ಕಾರು ತೆಗೆದು ಪಶ್ಚಿಮದ ಬುರುಜುಗಳ ಕಡೆ ಹೋದೆವು. ಮಲಿಕ್-ಎ-ಮೈದಾನ್ ಫಿರಂಗಿ 1549ರಲ್ಲಿ ಅಹಮದ್‌ನಗರದಲ್ಲಿ ಎರಕವಾದದ್ದು. ತೂಕ 55 ಟನ್ ಎನ್ನುತ್ತಾರೆ. ಸಿಂಹದ ಬಾಯಿ, ಅದರ ಹಲ್ಲುಗಳ ನಡುವೆ ನಜ್ಜುಗುಜ್ಜಾದ ಆನೆ. 1632ರಲ್ಲಿ ಪರಂಡಾದಿಂದ ಇದನ್ನು ಎಳೆದು ತಂದರು. ಬ್ರಿಟಿಷರು 1854ರಲ್ಲಿ ಹರಾಜಿಗಿಟ್ಟಾಗ ಕೂಗಿದ ಬೆಲೆ 150 ರೂಪಾಯಿ. ಹರಾಜು ರದ್ದಾದದ್ದು ನಮ್ಮ ಪುಣ್ಯ. ಸಮೀಪದ ಉಪಲಿ ಬುರುಜು 80 ಅಡಿ ಎತ್ತರ, 1584ರದು. ಮೆಟ್ಟಿಲು ಹೊರಬದಿಯಲ್ಲಿ ಸುತ್ತಿಕೊಂಡು ಏರುತ್ತದೆ, ಹಿಡಿಯಲು ಆಸರೆ ಸಾಲದು. ಎತ್ತರಕ್ಕೆ ತಲೆಸುತ್ತು ಬರುವವರು ಕೆಳಗೇ ಇರಿ. ಮೇಲಿನಿಂದ ಪೂರ್ವದ ತುದಿಯಲ್ಲಿ ಗೋಳಗುಮ್ಮಟ, ಹಿಂದೆ ರೋಜಾದ ಮಿನಾರುಗಳು, ನಡುವೆ ಇಡೀ ಊರು. ಇದನ್ನು ಕಂಡ ಮೇಲೆ ಊರಿನ ನಕ್ಷೆ ತಲೆಯಲ್ಲಿ ತಾನಾಗಿ ಕೂರುತ್ತದೆ. ದಕ್ಷಿಣದ ಬೇಗಂ ತಲಾಬ್, 1651ರಲ್ಲಿ ಮೊಹಮ್ಮದ್ ಆದಿಲ್ ಶಾ ಕಟ್ಟಿಸಿದ ಕೆರೆ, ಕಾರಿನಲ್ಲಿ ಸ್ವಲ್ಪವೇ ದೂರ. ಅಲ್ಲಿಂದ ಮಣ್ಣಿನ ಕೊಳವೆಗಳಲ್ಲಿ ಊರಿಗೆ ನೀರು ಹೋಗುತ್ತಿತ್ತು. ಅಪ್ಪನಿಗೆ ಆಸರ್ ಮಹಲಿನ ಕೊಳ ನೆನಪಾಯಿತು. ಇಳಿಜಾರಿನ ಲೆಕ್ಕ ಮತ್ತೆ ಶುರುವಾಯಿತು.

ಹೋಗುವವರಿಗೆ ಇನ್ನೆರಡು ಮಾತು. ಪೂರ್ತಿ ಎರಡು ಹಗಲು ಇಟ್ಟುಕೊಳ್ಳಿ, ನವೆಂಬರಿನಿಂದ ಫೆಬ್ರುವರಿಯೊಳಗೆ ಹೋಗಿ. ಏಪ್ರಿಲ್, ಮೇ ತಿಂಗಳಲ್ಲಿ ಉಷ್ಣಾಂಶ 40 ಡಿಗ್ರಿ ದಾಟುತ್ತದೆ, ಕರಿಕಲ್ಲಿನ ಮೇಲೆ ಬರಿಗಾಲಿಡಲು ಆಗುವುದಿಲ್ಲ. ಸಂಕ್ರಾಂತಿಯ ಸಿದ್ಧೇಶ್ವರ ಜಾತ್ರೆಯ ದಿನಗಳಲ್ಲಿ ನಡುಊರಿನಲ್ಲಿ ಕಾರು ತೆಗೆಯುವ ಮಾತೇ ಬೇಡ, ಜಾತ್ರೆ ನೋಡಲೆಂದೇ ಹೋಗುವುದಾದರೆ ಸರಿ. ಐದಕ್ಕೆ ನಾಲ್ಕು ಅಂಕ ಕೊಡುತ್ತೇನೆ. ಉಳಿದ ಒಂದು ಅಂಕ, ತೊರವೆಯಿಂದ ಬೇಗಂ ತಲಾಬಿನವರೆಗಿನ ನೀರಿನ ದಾರಿಯನ್ನು ತೋರಿಸುವ ಕನ್ನಡದ ಒಂದು ಮುದ್ರಿತ ನಕ್ಷೆ ಟಿಕೆಟ್ ಕೌಂಟರಿನಲ್ಲಿ ಸಿಗುವ ದಿನಕ್ಕೆ. ಅಪ್ಪ ಕೈಯಿಂದ ಬರೆದ ನಕ್ಷೆಯೊಂದು ಸಿದ್ಧವಾಗಿದೆ. ಯಾರಾದರೂ ಅಚ್ಚು ಹಾಕಿಸುವುದಾದರೆ ಸಂತೋಷದಿಂದ ಕೊಡುತ್ತಾರೆ.